ಮಾರಿದ ಮೇಲೆಯೂ ಒಡೆತನವೆ?

ಮನೆಯ ತಲಬಾಗಿಲ ಮೇಲೆ ಕೂಡಿಸಿದ ಕ್ಯಾಮೆರಾ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಕುರುಡಾದರೆ ಅದಕ್ಕೆ ಕೊಂಡವನ ಅಜ್ಞಾನವೇ ಕಾರಣವೆಂದೂ, ಕಂಪನಿ ಕಾಲಕಾಲಕ್ಕೆ ಕಳುಹಿಸುವ ಅಪ್‌ಡೇಟು ಗ್ರಾಹಕನ ಹಿತಕ್ಕಾಗಿಯೇ ಇರುವುದರಿಂದ ಅದರಲ್ಲಿ ಸಂಭವಿಸುವ ಲೋಪವನ್ನು ಸಹಿಸಿಕೊಳ್ಳುವುದು ವಿವೇಕವೆಂದೂ ಬೋಧಿಸುವವರು ಈಚೆಗೆ ನಮ್ಮಲ್ಲಿ ಹೆಚ್ಚಿದ್ದಾರೆ. ಈ ಬೋಧನೆಯನ್ನು ನಾನು ಸರ್ವಥಾ ಒಪ್ಪಲಾರೆ. ಬೆಲೆ ತೆತ್ತು, ರಸೀದಿ ಪಡೆದು, ನನ್ನದಾಗಿಸಿಕೊಂಡ ವಸ್ತುವಿನೊಳಕ್ಕೆ ನನ್ನನ್ನು ಕೇಳದೆ, ನಾನು ನಿದ್ರಿಸುತ್ತಿರುವ ಹೊತ್ತಿನಲ್ಲಿ ಪ್ರವೇಶಿಸಿ, ಅದರ ಸ್ವಭಾವವನ್ನೇ ಬದಲಿಸಿ, ಅದು ಕೆಟ್ಟುನಿಂತರೆ ಹೊಸದನ್ನು ಕೊಳ್ಳಿರೆಂದು ಹೇಳುವ ಅಧಿಕಾರವನ್ನು ಈ ದೇಶದ ಯಾವ ಶಾಸನವೂ ಯಾವ ಕಂಪನಿಗೂ ದಯಪಾಲಿಸಿಲ್ಲ.

ದಯಪಾಲಿಸಿಲ್ಲವೆಂದರೆ ಸಾಲದು, ಶಾಸನವು ಹಾಗೆ ಮಾಡಿದವನನ್ನು ಹೊಣೆಗಾರನನ್ನಾಗಿಸಿದೆ. 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಅಧಿನಿಯಮದ 43ನೆಯ ಕಲಮನ್ನು ಓದಿದವರಿಗೆ ಇದು ತಿಳಿದ ವಿಷಯ: ಮಾಲೀಕನ ಅಥವಾ ಅದರ ಹೊಣೆ ಹೊತ್ತವನ ಅನುಮತಿಯಿಲ್ಲದೆ ಕಂಪ್ಯೂಟರಿಗಾಗಲಿ ಅದರೊಳಗಿನ ಪ್ರೋಗ್ರಾಮಿಗಾಗಲಿ ಹಾನಿ ಮಾಡಿದವನು ನಷ್ಟಕ್ಕೊಳಗಾದವನಿಗೆ ಪರಿಹಾರ ಕೊಡತಕ್ಕದ್ದು; ಮತ್ತು ಹಾನಿಯೆಂದರೆ ನಾಶಗೊಳಿಸುವುದು ಮಾತ್ರವಲ್ಲ, ಮಾರ್ಪಡಿಸುವುದು, ಅಳಿಸುವುದು, ಹೊಸದಾಗಿ ಸೇರಿಸುವುದು ಇವೆಲ್ಲವೂ ಅದೇ ಕಲಮಿನ ವಿವರಣೆಯಲ್ಲಿ ಅಡಕವಾಗಿವೆ. ಇದೇ ಕೃತ್ಯವನ್ನು ಎಲ್ಲಿಯೋ ಕುಳಿತ ಒಬ್ಬ ಹುಡುಗ ಮಾಡಿದರೆ ಪೊಲೀಸರು ಅವನನ್ನು ಹುಡುಕಿಕೊಂಡು ಹೊರಡುತ್ತಾರೆ. ಕಂಪನಿ ಮಾಡಿದರೆ ಅದಕ್ಕೆ ಸೇವೆಯೆಂಬ ಹೆಸರು ಹೇಗೆ ಬಂದಿತು?

ಸಂತೆಯಲ್ಲಿ ಎತ್ತನ್ನು ಮಾರಿ ಹಣ ಎಣಿಸಿಕೊಂಡು ಹೋದವನು, ಎತ್ತಿನ ಹಿತಕ್ಕಾಗಿಯೇ ಎಂದು ಹೇಳಿಕೊಂಡು ನಡುರಾತ್ರಿ ಕೊಂಡವನ ಕೊಟ್ಟಿಗೆಗೆ ನುಗ್ಗಿ, ಹಳೆಯ ಲಾಳ ಕಿತ್ತು ಹೊಸ ಲಾಳ ಬಡಿದು, ಬೆಳಿಗ್ಗೆ ಎತ್ತು ಕುಂಟುತ್ತಿದ್ದರೆ ಅದು ನಿನ್ನ ಎತ್ತು, ನಿನ್ನ ಹಣೆಬರಹ ಎಂದು ಹೇಳಿದರೆ ನಮ್ಮ ಕುಂದಗೋಳ ಸೀಮೆಯ ಯಾವ ರೈತನೂ ಅದನ್ನು ಕೇಳಿಕೊಂಡು ಸುಮ್ಮನಿರಲಾರ.

ಈ ಸೀಮೆಯ ಊರುಗಳಲ್ಲಿ ಕ್ಯಾಮೆರಾ ಈಗ ಸಿರಿವಂತರ ಶೋಕಿಯಾಗಿ ಉಳಿದಿಲ್ಲ. ಮಕ್ಕಳು ಹುಬ್ಬಳ್ಳಿಗೋ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋದ ಬಳಿಕ ಮಾಳಿಗೆಯ ಮನೆಯಲ್ಲಿ ಉಳಿದ ವೃದ್ಧ ತಂದೆತಾಯಿಗಳ ಯೋಗಕ್ಷೇಮವನ್ನು ದೂರದಿಂದ ನೋಡುವ ಸಾಧನ ಅದು; ಸುಗ್ಗಿಯಲ್ಲಿ ಕಣದ ತುಂಬ ಹರವಿದ ಬ್ಯಾಡಗಿ ಮೆಣಸಿನಕಾಯಿಯನ್ನೂ, ಮನೆಯೊಳಗೆ ಒಟ್ಟಿದ ಹತ್ತಿಯನ್ನೂ, ಚೀಲ ಕಟ್ಟಿದ ಶೇಂಗಾವನ್ನೂ ಕಾಯುವ ಕಾವಲುಗಾರ ಅದು. ಎರೆಭೂಮಿಯಲ್ಲಿ ಒಂದು ಮಳೆ ತಪ್ಪಿದರೆ ಇಡೀ ವರ್ಷ ತಪ್ಪಿಹೋಗುವ ನಾಡಿನವರಿಗೆ, ಕೈಗೆ ಬಂದ ಬೆಳೆಯನ್ನು ಕಾಯ್ದುಕೊಳ್ಳುವುದು ಬೆಳೆಯುವುದಕ್ಕಿಂತ ಸಣ್ಣ ಕೆಲಸವಲ್ಲ. ಸರ್ಕಾರವೂ ಕ್ಯಾಮೆರಾ ಬೇಕೆನ್ನುತ್ತದೆ. ಒಂದೇ ಹೊತ್ತಿಗೆ ನೂರು ಜನ, ಅಥವಾ ದಿನವೊಂದಕ್ಕೆ ಐನೂರು ಜನ ಸೇರುವ ಸ್ಥಳಗಳಲ್ಲಿ ಅದನ್ನು ಅಳವಡಿಸಿ, ಮೂವತ್ತು ದಿನಗಳ ದೃಶ್ಯವನ್ನು ಕಾದಿರಿಸಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಅಧಿನಿಯಮ ವಿಧಿಸುತ್ತದೆ. ಕ್ಯಾಮೆರಾ ಇಲ್ಲದಿದ್ದರೆ ಅಂಗಡಿಯವನು ತಪ್ಪಿತಸ್ಥ. ಇದ್ದ ಕ್ಯಾಮೆರಾವನ್ನು ಕಂಪನಿಯೇ ಕೊಂದರೆ ತಪ್ಪಿತಸ್ಥರಾರೆಂದು ಕೇಳುವವರೇ ಇಲ್ಲ.

ನನ್ನ ಮನೆಯ ಕ್ಯಾಮೆರಾ ಸುಗ್ಗಿಯ ನಡುವೆಯೇ ನಿಂತಿತು. ಹಿಂದಿನ ಸಂಜೆಯವರೆಗೆ ಅಂಗಳದ ತುಳಸಿಕಟ್ಟೆಯಿಂದ ಓಣಿಯ ತಿರುವಿನವರೆಗೆ ನಿಚ್ಚಳವಾಗಿ ತೋರಿಸುತ್ತಿದ್ದ ಯಂತ್ರವು ಬೆಳಗಿನ ಹೊತ್ತಿಗೆ ಕೆಂಪು ದೀಪವೊಂದನ್ನು ಮಿಣುಕಿಸುತ್ತ, ಚಾಲೂ ಆಗಲು ಯತ್ನಿಸಿ ಮರಳಿ ಆರುತ್ತ, ಮರಳಿ ಯತ್ನಿಸುತ್ತಲಿತ್ತು. ಮೊಬೈಲಿನ ಆ್ಯಪಿನಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಆಗಿದೆಯೆಂಬ ಸಾಲಿನ ಕೆಳಗೆಯೇ ಕ್ಯಾಮೆರಾ ಆಫ್‌ಲೈನ್ ಎಂಬ ಇನ್ನೊಂದು ಸಾಲು. ಕಸ್ಟಮರ್ ಕೇರಿನಲ್ಲಿ ಮಾತನಾಡಿದ ತರುಣನು ಪಿನ್ನು ಚುಚ್ಚಿ ರೀಸೆಟ್ ಮಾಡಿಸಿದನು, ಅದು ಫಲಿಸದಿರಲು ವಾರಂಟಿಯ ಅವಧಿ ಮುಗಿದಿದೆಯೆಂದು ಹೇಳಿ ಮಾತು ಮುಗಿಸಿದನು. ವಾರಂಟಿ ಮುಗಿದ ವಸ್ತುವನ್ನು ದುರಸ್ತಿ ಮಾಡುವ ಹೊಣೆ ತಮಗಿಲ್ಲವೆನ್ನುವವರಿಗೆ, ಅದೇ ವಸ್ತುವನ್ನು ಕೆಡಿಸುವ ಸ್ವಾತಂತ್ರ್ಯ ಮಾತ್ರ ಅವಧಿಯ ಮಿತಿಯಿಲ್ಲದೆ ಉಳಿದಿರುವುದು ಯಾವ ನ್ಯಾಯ? ಕ್ಯಾಮೆರಾ ಕೂಡಿಸಿಕೊಟ್ಟ ಅಂಗಡಿಯ ಹುಡುಗನ ಪಾಡಂತೂ ಹೇಳತೀರದು. “ನಾ ಏನ್ ಮಾಡ್ಲಿರೀ ಸರ? ಕಂಪನ್ಯಾರು ರಾತ್ರ್ಯಾಗ ಅಪ್‌ಡೇಟ್ ಬಿಡತಾರ, ಮುಂಜಾನೆದ್ದು ಮಂದಿ ಬೈಯೋದು ನನಗ” ಎಂದು ಅವನು ಹೇಳಿದಾಗ ನನಗೆ ಬಂದ ಕೋಪ ಇನ್ನೂ ಇಳಿದಿಲ್ಲ. ಸಾಲ ಮಾಡಿ ಅಂಗಡಿ ಇಟ್ಟ ತರುಣನ ಮಾತಿನ ಮೇಲಿನ ನಂಬಿಕೆಯೇ ಅವನ ಬಂಡವಾಳ. ಆ ಬಂಡವಾಳವನ್ನು ಅವನು ಕಂಡರಿಯದ ಯಾರೋ ಒಂದು ಗುಂಡಿಯನ್ನೊತ್ತಿ ಕರಗಿಸುತ್ತಾರೆ.

ಇದು ತಪ್ಪಿಸಲಾಗದ ವಿಪತ್ತು ಎಂಬ ಮಾತನ್ನು ನಾನು ನಂಬುವುದಿಲ್ಲ. ಕ್ಯಾಮೆರಾದ ಫ್ಲ್ಯಾಶ್ ಚಿಪ್ಪಿನಲ್ಲಿ ಅದರ ಸಮಸ್ತ ಬುದ್ಧಿಯೂ ಬರೆಯಲ್ಪಟ್ಟಿರುತ್ತದೆ. ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತಿರುವಾಗ ಕರೆಂಟು ಹೋದರೆ, ಅಥವಾ ಬರೆದದ್ದೇ ದೋಷಯುಕ್ತವಾಗಿದ್ದರೆ, ಯಂತ್ರಕ್ಕೆ ಚಾಲೂ ಆಗುವ ದಾರಿಯೇ ಇಲ್ಲವಾಗುತ್ತದೆ. ಹೆಸ್ಕಾಂ ಲೈನಿನ ಮೇಲೆ ಬದುಕುವ ನಮ್ಮ ಹಳ್ಳಿಗಳಲ್ಲಿ ರಾತ್ರಿ ಕರೆಂಟು ಹೋಗುವುದೊಂದು ಅಸಾಧಾರಣ ಘಟನೆಯೆ? ಇದಕ್ಕೆ ಪರಿಹಾರವೂ ಗುಟ್ಟಿನದಲ್ಲ: ಹಳೆಯ ಪ್ರತಿಯನ್ನು ಹಾಗೆಯೇ ಉಳಿಸಿಕೊಂಡು ಹೊಸದನ್ನು ಬೇರೆ ಜಾಗದಲ್ಲಿ ಬರೆದು, ಹೊಸದು ಏಳದಿದ್ದರೆ ಹಳೆಯದರಿಂದಲೇ ಯಂತ್ರವನ್ನು ಎಬ್ಬಿಸುವ ವಿಧಾನ 2016ರ ನೂಗಾ ಆವೃತ್ತಿಯಿಂದ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಬಳಕೆಗೆ ಬಂದಿದೆ. ಎರಡು ಪ್ರತಿ ಹಿಡಿಯುವಷ್ಟು ದೊಡ್ಡ ಚಿಪ್ಪು ಬೇಕು, ಅಷ್ಟೆ. ಕಂಪನಿಯವರು ಆ ಚಿಪ್ಪಿನ ಹಣವನ್ನು ಉಳಿಸಿ, ನಷ್ಟವನ್ನು ಮಾತ್ರ ಕುಂದಗೋಳದ ರೈತನ ತಲೆಗೆ ಕಟ್ಟಿದ್ದಾರೆ.

ಹೀಗಾಗುವುದು ಹೊಸದೂ ಅಲ್ಲ. 2017ರ ಆಗಸ್ಟಿನಲ್ಲಿ ಅಮೆರಿಕದ ಲಾಕ್‌ಸ್ಟೇಟ್ ಎಂಬ ಕಂಪನಿ ಒಂದು ಮಾದರಿಯ ಬೀಗಕ್ಕೆಂದು ಸಿದ್ಧಪಡಿಸಿದ ಅಪ್‌ಡೇಟನ್ನು ಇನ್ನೊಂದು ಮಾದರಿಗೆ ಕಳುಹಿಸಿ ಸುಮಾರು 500 ಬೀಗಗಳನ್ನು ನಿರುಪಯುಕ್ತಗೊಳಿಸಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿ ಕಳುಹಿಸಿದ ಒಂದು ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ಬಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಿಂದ ಬರೆದುಕೊಟ್ಟರು. ಆಗ ಎಲ್ಲ ಪತ್ರಿಕೆಗಳೂ ಮುಖಪುಟದಲ್ಲಿ ಬರೆದವು. ಹಳ್ಳಿಯ ಒಂದು ಕ್ಯಾಮೆರಾ ಬಿದ್ದರೆ ಬರೆಯುವವರಿಲ್ಲ, ಏಕೆಂದರೆ ಅದನ್ನು ನಂಬಿಕೊಂಡವರು ವಿಮಾನವೇರುವವರಲ್ಲ.

ಅಪ್‌ಡೇಟ್ ಇಲ್ಲದಿದ್ದರೆ ಕಳ್ಳರು ಕ್ಯಾಮೆರಾದೊಳಗೆ ನುಗ್ಗುವರೆಂದು ಹೆದರಿಸುವುದು ಕಂಪನಿಯ ಪಕ್ಷ ವಹಿಸುವವರ ದೊಡ್ಡ ಅಸ್ತ್ರ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ಸ್ವಾಧೀನಪಡಿಸಿಕೊಂಡು ಅಂತರಜಾಲವನ್ನೇ ಅಲುಗಿಸಿದ ಉದಾಹರಣೆಯನ್ನು ಅವರು ಮತ್ತೆ ಮತ್ತೆ ಕೊಡುತ್ತಾರೆ. ಅದು ನುಗ್ಗಿದ್ದು ಯಾವ ಬಾಗಿಲಿನಿಂದ? ಕಾರ್ಖಾನೆಯಲ್ಲಿಯೇ ಸಾವಿರಾರು ಯಂತ್ರಗಳಿಗೆ ಒಂದೇ ಪಾಸ್‌ವರ್ಡ್ ಇಟ್ಟು ಮಾರಿದ ತಯಾರಕರು ತೆರೆದಿಟ್ಟ ಬಾಗಿಲಿನಿಂದ. ತಯಾರಕನ ಆಲಸ್ಯದಿಂದ ಹುಟ್ಟಿದ ಅಪಾಯವನ್ನೇ ತೋರಿಸಿ ತಯಾರಕನಿಗೇ ಇನ್ನಷ್ಟು ಅಧಿಕಾರವನ್ನು ಕೊಡಬೇಕೆಂಬ ವಾದಕ್ಕೆ ನಾನು ತಲೆಬಾಗಲಾರೆ. ನಮ್ಮ ಕೇಂದ್ರ ಸರ್ಕಾರವು 2025ರ ಏಪ್ರಿಲ್ 9ರಿಂದ ಸಿಸಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯ ಮಾಡಿದ್ದು ಒಳ್ಳೆಯದೇ. ಆದರೆ ಕಳ್ಳನಿಂದ ಯಂತ್ರವನ್ನು ಕಾಪಾಡುವ ಕಾಳಜಿಯ ಜೊತೆಗೆ, ಯಂತ್ರವನ್ನು ಅದರ ತಯಾರಕನಿಂದ ಕಾಪಾಡುವ ಕಾಳಜಿಯೂ ಇರಬೇಕಾಗಿತ್ತು. ಯುರೋಪಿನವರಿಗೆ ಇದು ಹೊಳೆಯಿತು. 2024ರ ಡಿಸೆಂಬರಿನಲ್ಲಿ ಜಾರಿಗೆ ಬಂದು 2027ರ ಡಿಸೆಂಬರಿನಿಂದ ಪೂರ್ಣವಾಗಿ ಅನ್ವಯವಾಗಲಿರುವ ಅವರ ಸೈಬರ್ ಶಾಸನವು, ಸಾಧ್ಯವಿರುವೆಡೆಯೆಲ್ಲ ಭದ್ರತೆಯ ಅಪ್‌ಡೇಟನ್ನು ಇತರ ಬದಲಾವಣೆಗಳಿಂದ ಬೇರ್ಪಡಿಸಿ ಕೊಡಬೇಕೆಂದೂ, ತಾನಾಗಿ ಬರುವ ಅಪ್‌ಡೇಟನ್ನು ಬೇಡವೆನ್ನಲು ಬಳಕೆದಾರನಿಗೆ ಅವಕಾಶವಿರಬೇಕೆಂದೂ ಹೇಳುತ್ತದೆ. ಇಟಲಿಯ ಸ್ಪರ್ಧಾ ಪ್ರಾಧಿಕಾರವಂತೂ 2018ರಲ್ಲಿಯೇ, ಫೋನುಗಳನ್ನು ಕುಂಠಿತಗೊಳಿಸಿದ ಅಪ್‌ಡೇಟುಗಳಿಗಾಗಿ ಆ್ಯಪಲ್ ಕಂಪನಿಗೆ ಒಂದು ಕೋಟಿ ಯೂರೋ, ಸ್ಯಾಮ್‌ಸಂಗ್ ಕಂಪನಿಗೆ ಐವತ್ತು ಲಕ್ಷ ಯೂರೋ ದಂಡ ವಿಧಿಸಿತು.

ನೀವು ಸಮ್ಮತಿಸಿದ್ದೀರಿ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಯಾವ ಸಮ್ಮತಿ? ಬೆರಳಿನಿಂದ ಸರಿಸುತ್ತ ಹೋದರೂ ಮುಗಿಯದ ಇಂಗ್ಲಿಷ್ ಕರಾರಿನ ಕೊನೆಯಲ್ಲಿ, ಒಪ್ಪದಿದ್ದರೆ ಕ್ಯಾಮೆರಾ ಚಾಲೂ ಆಗುವುದೇ ಇಲ್ಲವೆಂಬ ಸ್ಥಿತಿಯಲ್ಲಿ, ಹಣ ಕೊಟ್ಟಾದ ಮೇಲೆ ಒತ್ತಿಸಿಕೊಂಡ ಗುಂಡಿಯೆ? ಕನ್ನಡ ನಾಡಿನ ಹಳ್ಳಿಯಲ್ಲಿ, ಕನ್ನಡ ಮಾತ್ರ ಬಲ್ಲ ವೃದ್ಧೆಗೆ, ಕನ್ನಡದ ಹುಡುಗನೊಬ್ಬ ಮಾರಿದ ವಸ್ತುವಿನ ಪೆಟ್ಟಿಗೆಯಲ್ಲಿ ಒಂದು ಸಾಲು ಕನ್ನಡವಿರುವುದಿಲ್ಲ. ಕಸ್ಟಮರ್ ಕೇರಿಗೆ ಫೋನು ಮಾಡಿದರೆ ಇಂಗ್ಲಿಷಿಗಾಗಿ ಒಂದನ್ನು ಒತ್ತಿ, ಹಿಂದಿಗಾಗಿ ಎರಡನ್ನು ಒತ್ತಿ ಎಂಬ ಧ್ವನಿ. ನಮ್ಮ ದುಡ್ಡಿಗೆ ಭಾಷೆಯ ಅಡ್ಡಿಯಿಲ್ಲ, ನಮ್ಮ ದೂರಿಗೆ ಇದೆ. ಇದು ಕ್ಯಾಮೆರಾವೊಂದರ ಮಾತೂ ಅಲ್ಲ. ಬ್ಯಾಂಕಿನ ಆ್ಯಪು, ವಿಮೆಯ ಕಾಗದ, ಪಂಪ್‌ಸೆಟ್ಟಿನ ಸ್ಟಾರ್ಟರಿನ ಮೇಲಿನ ಎಚ್ಚರಿಕೆ, ಎಲ್ಲದರಲ್ಲಿಯೂ ಹಳ್ಳಿಯವನು ತನಗೆ ತಿಳಿಯದ ಭಾಷೆಯಲ್ಲಿ ತನ್ನ ಹಕ್ಕುಗಳನ್ನು ಬಿಟ್ಟುಕೊಡುತ್ತ ಬಂದಿದ್ದಾನೆ, ಮತ್ತು ಅದನ್ನು ನಾವು ಪ್ರಗತಿಯೆಂದು ಕರೆಯುತ್ತ ಬಂದಿದ್ದೇವೆ.

ನ್ಯಾಯ ಬೇಕಾದರೆ ಬಾಗಿಲುಗಳಿವೆ ಎನ್ನುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಇದನ್ನು ನಮ್ಮ ತಾಲೂಕಿನ ಪ್ರತಿಯೊಬ್ಬರೂ ಅರಿತು ಬಳಸಬೇಕು. ಆದರೆ ಅದೇ ಅಧಿನಿಯಮವು ಅನ್ಯಾಯದ ಕರಾರು ಎಂಬ ದೋಷವನ್ನು ಗುರುತಿಸಿ, ಅದರ ವಿಚಾರಣೆಯನ್ನು ಜಿಲ್ಲಾ ಆಯೋಗಕ್ಕೆ ಕೊಡದೆ ರಾಜ್ಯ ಆಯೋಗಕ್ಕೆ ಒಪ್ಪಿಸಿದೆ. ಎರಡು ಮೂರು ಸಾವಿರ ರೂಪಾಯಿಯ ಕ್ಯಾಮೆರಾಕ್ಕಾಗಿ ಧಾರವಾಡವನ್ನು ದಾಟಿ ರಾಜ್ಯ ಆಯೋಗದ ಮೆಟ್ಟಿಲೇರುವ ರೈತನಾರು? 43ನೆಯ ಕಲಮಿನ ಪರಿಹಾರವನ್ನು ಕೇಳಹೋದರೂ ಅಷ್ಟೆ, ಅದರ ನ್ಯಾಯನಿರ್ಣಯಾಧಿಕಾರಿ ರಾಜ್ಯದ ಮಾಹಿತಿ ತಂತ್ರಜ್ಞಾನ ಕಾರ್ಯದರ್ಶಿ.

ಆದಕಾರಣ ಬಿಡಿಬಿಡಿಯಾಗಿ ಹೋರಾಡಿರೆಂದು ಜನರಿಗೆ ಹೇಳುವುದು ಕ್ರೌರ್ಯ. ಕೂಡಿ ದೂರಿದರೆ ಸರ್ಕಾರ ಕೇಳುವುದುಂಟು. 2025ರ ಜನವರಿಯಲ್ಲಿ, ಐಫೋನಿನ ಐಒಎಸ್ 18ರ ಅಪ್‌ಡೇಟಿನ ಬಳಿಕ ಫೋನುಗಳು ಸರಿಯಾಗಿ ನಡೆಯುತ್ತಿಲ್ಲವೆಂಬ ದೂರುಗಳು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಂದಾಗ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆ್ಯಪಲ್ ಕಂಪನಿಗೆ ನೋಟಿಸು ಕೊಟ್ಟಿತು. ಅದನ್ನು ಪ್ರಕಟಿಸಿದವರು ಆ ಖಾತೆಯ ಸಚಿವರಾದ ಪ್ರಲ್ಹಾದ ಜೋಶಿಯವರು, ಅಂದರೆ ಕುಂದಗೋಳವನ್ನೊಳಗೊಂಡ ಧಾರವಾಡ ಕ್ಷೇತ್ರದ ನಮ್ಮ ಲೋಕಸಭಾ ಸದಸ್ಯರು. ಲಕ್ಷ ರೂಪಾಯಿಯ ಫೋನು ಹಿಡಿದವರ ದೂರಿಗೆ ದೊರೆತ ಆ ತ್ವರೆ, ಸಚಿವರಿಗೆ ಮತ ಕೊಟ್ಟ ಊರಿನ ಕ್ಯಾಮೆರಾಗಳಿಗೆ ಏಕೆ ದೊರೆಯಬಾರದು? ಸಂಶಿಯಿಂದ, ಗುಡಗೇರಿಯಿಂದ, ಯರಗುಪ್ಪಿಯಿಂದ ಕ್ಯಾಮೆರಾ ಕೆಟ್ಟವರೆಲ್ಲರೂ ಆ ಸಹಾಯವಾಣಿಯ 1915ಕ್ಕೆ ಫೋನು ಮಾಡಿ ದೂರು ದಾಖಲಿಸಲಿ, ರಸೀದಿಯನ್ನು ಜೋಪಾನವಾಗಿಡಲಿ. ದೂರು ಬಂದಾಗ, ತಾನಾಗಿಯೇ, ಅಥವಾ ಕೇಂದ್ರ ಸರ್ಕಾರ ನಿರ್ದೇಶಿಸಿದಾಗ ತನಿಖೆ ನಡೆಸುವ ಅಧಿಕಾರವನ್ನು ಗ್ರಾಹಕ ಸಂರಕ್ಷಣಾ ಅಧಿನಿಯಮದ 18ನೆಯ ಕಲಮು ಆ ಪ್ರಾಧಿಕಾರಕ್ಕೆ ಕೊಟ್ಟಿದೆ. ಮಾಲೀಕನು ತನ್ನ ಭಾಷೆಯಲ್ಲಿ ಕೇಳಿ ಒಪ್ಪಿದ ಹೊರತು ಅಪ್‌ಡೇಟ್ ಇಳಿಯಕೂಡದು, ಹೊಸದು ಕೆಟ್ಟರೆ ಹಳೆಯದಕ್ಕೆ ಮರಳುವ ದಾರಿ ಯಂತ್ರದಲ್ಲಿಯೇ ಇರತಕ್ಕದ್ದು, ಅಪ್‌ಡೇಟಿನಿಂದ ಸತ್ತ ಕ್ಯಾಮೆರಾಕ್ಕೆ ವಾರಂಟಿಯ ಅವಧಿಯನ್ನು ಎಣಿಸದೆ ಕೊಂಡ ಅಂಗಡಿಯಲ್ಲಿಯೇ ಬದಲಿ ಕ್ಯಾಮೆರಾ ಕೊಡತಕ್ಕದ್ದು ಎಂಬ ಆದೇಶವನ್ನು ಆ ಪ್ರಾಧಿಕಾರವು ಬರುವ ಸುಗ್ಗಿಗೆ ಮುನ್ನ ಹೊರಡಿಸಲಿ.