ಹಳೆಯ ಕಾರಿನ ಬಿಡಿಭಾಗ: ದರಪಟ್ಟಿಗಿಂತ ಮಿಗಿಲಾದುದು ನಂಬಿಕೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ವಾಹನ ಬಿಡಿಭಾಗಗಳ ವ್ಯಾಪಾರ ನಡೆಸುವ ನಮ್ಮಂಥವರ ಬಳಿಗೆ ಹಳೆಯ ಅಂಬಾಸಿಡರ್ ಇಲ್ಲವೇ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಒಡೆಯರು ಬಂದಾಗ ಕೇಳುವ ಮೊದಲ ಪ್ರಶ್ನೆ ‘ಬೆಲೆ ಎಷ್ಟು?’ ಎಂಬುದಲ್ಲ, ‘ಮಾಲು ಒರಿಜಿನಲ್ಲೇ?’ ಎಂಬುದು. ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ನೀಡಬಲ್ಲ ಪೂರೈಕೆದಾರರು ವಿರಳರಾಗಿರುವುದೇ ಇಂದಿನ ನಿಜವಾದ ಕೊರತೆ.

ಈ ಎರಡೂ ಕಾರುಗಳು ಬ್ರಿಟನ್ನಿನ ಹೆಸರಾಂತ ಸ್ಪೋರ್ಟ್ಸ್ ಕಾರುಗಳ ನಂಟರೆಂಬುದನ್ನು ಅನೇಕರು ಅರಿಯರು. ಮೋರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಹುಟ್ಟಿದ, 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರಿನಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ 1489 ಸಿ.ಸಿ. ಎಂಜಿನ್, 1955ರಲ್ಲಿ ಬಂದ ಎಂ.ಜಿ.ಎ. ಕಾರಿನ ಎಂಜಿನ್ನಿನ ವಂಶಕ್ಕೇ ಸೇರಿದುದು. ಟ್ರಯಂಫ್ ಹೆರಾಲ್ಡಿನ ಚಾಸಿಯನ್ನು ಮಾರ್ಪಡಿಸಿಯೇ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ರೂಪುಗೊಂಡಿತು. ಆ ಹೆರಾಲ್ಡನ್ನೇ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆಯು ನಮ್ಮ ದೇಶದಲ್ಲಿ ತಯಾರಿಸಿತು. ಆದುದರಿಂದ ಅಂಗಡಿಯ ಅಟ್ಟದ ಮೇಲೆ ಧೂಳು ಹಿಡಿದಿರುವ ಹಳೆಯ ದಾಸ್ತಾನನ್ನು ಗುಜರಿಯೆಂದು ತಳ್ಳಿಹಾಕಬಾರದು. ಆದರೆ ನಂಟಿದೆಯೆಂದ ಮಾತ್ರಕ್ಕೆ ಎಲ್ಲ ಭಾಗಗಳೂ ಒಂದಕ್ಕೊಂದು ಹೊಂದುವುದಿಲ್ಲ. ಎಂ.ಜಿ.ಎ.ಗೆ ಜೋಡಿ ಕಾರ್ಬುರೇಟರ್, ಅಂಬಾಸಿಡರಿಗೆ ಒಂದೇ. ‘ಎಲ್ಲದಕ್ಕೂ ಆಗುತ್ತದೆ’ ಎನ್ನುವ ಮಾರಾಟಗಾರನನ್ನು ಮೊದಲು ದೂರವಿಡಬೇಕು.

ಈ ಮಾತನ್ನು ಸ್ವಾನುಭವದಿಂದಲೇ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಹೊರಊರಿನ ಸಗಟು ವ್ಯಾಪಾರಿಯೊಬ್ಬರಿಂದ ಅಂಬಾಸಿಡರಿನ ವೀಲ್ ಸಿಲಿಂಡರ್ ಕಿಟ್ಟುಗಳನ್ನು ಅಗ್ಗದ ದರಕ್ಕೆ ತರಿಸಿದೆ. ಪೊಟ್ಟಣ ಅಂದವಾಗಿತ್ತು, ಮುದ್ರೆಯೂ ಇತ್ತು. ಎರಡೇ ತಿಂಗಳಲ್ಲಿ ರಬ್ಬರ್ ಕಪ್ಪುಗಳು ಉಬ್ಬಿದವು. ನನ್ನ ಗ್ರಾಹಕರೊಬ್ಬರು ಹುಲಿಕಲ್ ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ತಳಕ್ಕಿಳಿಯಿತು. ಕೆಳಗೇರಿನಲ್ಲಿ ಗಾಡಿಯನ್ನು ಹೇಗೋ ನಿಲ್ಲಿಸಿ ಪ್ರಾಣ ಉಳಿಸಿಕೊಂಡರು. ಮಾರನೆಯ ದಿನ ಅವರು ನನ್ನ ಮೇಲೆ ಕೂಗಾಡಲಿಲ್ಲ. ಕಿಟ್ಟನ್ನು ಕೌಂಟರಿನ ಮೇಲಿಟ್ಟು ಹೊರಟುಹೋದರು. ಸಗಟು ವ್ಯಾಪಾರಿ ದೂರವಾಣಿ ಎತ್ತಲಿಲ್ಲ. ಉಳಿತಾಯವಾದ ಹಣ ಅತ್ಯಲ್ಪ. ಕಳೆದುಕೊಂಡುದು ಇಪ್ಪತ್ತು ವರ್ಷಗಳ ಗಿರಾಕಿಯನ್ನು.

ಹಾಗಾದರೆ ನಂಬಿಗಸ್ತ ಪೂರೈಕೆದಾರನ ಲಕ್ಷಣಗಳೇನು? ಭಾಗದ ಸಂಖ್ಯೆಯನ್ನು ಕೇಳದೆ ಆತ ಮಾಲು ಕಳುಹಿಸುವುದಿಲ್ಲ. ಹಳೆಯ ದಾಸ್ತಾನೋ, ಹೊಸ ತಯಾರಿಕೆಯೋ, ಬಳಸಿ ದುರಸ್ತಿಗೊಳಿಸಿದುದೋ ಎಂಬುದನ್ನು ಬಿಲ್ಲಿನಲ್ಲಿಯೇ ನಮೂದಿಸುತ್ತಾನೆ. ಹೊಂದದಿದ್ದರೆ ಹಿಂಪಡೆಯುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, ಬಳಕೆಯ ವಿಧಾನವನ್ನೂ ತಿಳಿಸುತ್ತಾನೆ. ಹೆರಾಲ್ಡಿನ ಮುಂಚಕ್ರದ ಟ್ರನಿಯನ್ನಿಗೆ ಗ್ರೀಸ್ ಅಲ್ಲ, ಗೇರ್ ಆಯಿಲ್ ಹಾಕಬೇಕು. ಇಲ್ಲವಾದರೆ ಒಳಗೆ ತುಕ್ಕು ಹಿಡಿದು ಒಂದು ದಿನ ಮುರಿದೀತು. 2025ರಲ್ಲಿ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಮಿಶ್ರಣದ ಗುರಿಯನ್ನು ದೇಶ ಮುಟ್ಟಿರುವುದರಿಂದ, ಇಂಧನದ ಕೊಳವೆ ಯಾವ ಬಗೆಯ ರಬ್ಬರಿನದೆಂದು ಹೇಳಲಾರದವನಿಂದ ಕೊಳ್ಳುವುದು ಕ್ಷೇಮಕರವಲ್ಲ.

ಬ್ರಿಟನ್ನಿನಲ್ಲಿ ಎಂ.ಜಿ.ಬಿ. ಕಾರಿನ ತಯಾರಿಕೆ 1980ರಲ್ಲಿ ನಿಂತಿತು. ಆದರೂ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆಯು ಹಳೆಯ ಅಚ್ಚುಗಳನ್ನು ಹುಡುಕಿ ತೆಗೆದು 1988ರಿಂದ ಅದರ ಹೊಸ ಬಾಡಿಗಳನ್ನು ತಯಾರಿಸತೊಡಗಿತು. ನಮ್ಮ ಜಿಲ್ಲೆಗೂ ಕಬ್ಬಿಣದ ಕೆಲಸ ಹೊಸದಲ್ಲ. ಭದ್ರಾವತಿಯ ಕಾರ್ಖಾನೆಯ ಪರಂಪರೆಯಿದೆ, ಶಿವಮೊಗ್ಗದಲ್ಲಿ ಎರಕದ ಘಟಕಗಳೂ ಲೇತ್ ಕೆಲಸಗಾರರೂ ಇದ್ದಾರೆ. ಬುಷ್, ಪಿನ್, ಬ್ರಾಕೆಟ್ಟುಗಳಂಥ ಭಾಗಗಳನ್ನು ಮಾದರಿ ನೋಡಿ, ಅಳತೆ ದಾಖಲಿಸಿ ಇಲ್ಲಿಯೇ ಮಾಡಿಸಬಹುದು. ಬ್ರೇಕ್ ಮತ್ತು ಸ್ಟಿಯರಿಂಗ್ ಭಾಗಗಳನ್ನು ಮಾತ್ರ ಪರೀಕ್ಷೆಯಿಲ್ಲದೆ ಮುಟ್ಟಕೂಡದು. ತಯಾರಿಸಿದುದಕ್ಕೆ ನಮ್ಮ ಹೆಸರನ್ನೇ ಹಾಕೋಣ. ಪರರ ಮುದ್ರೆಯೊತ್ತುವುದು ಕಾನೂನಿಗೂ ವ್ಯಾಪಾರಧರ್ಮಕ್ಕೂ ವಿರುದ್ಧ.

ನಂಬಿಕೆ ಏಕಮುಖವಾಗಿರಲಾರದು. ಎರಡು ಬುಷ್ಷಿಗಾಗಿ ಲೇತ್ ಹೂಡುವಂತೆ ಹೇಳಿ, ಹಣಕ್ಕಾಗಿ ಆರು ತಿಂಗಳು ಅಲೆಸಿದರೆ ಯಾವ ತಯಾರಕ ಉಳಿದಾನು? ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಲ್ಲಬೇಕೆಂದು 2006ರ ಕಾಯಿದೆಯೇ ಹೇಳುತ್ತದೆ.

ಆದುದರಿಂದ ಮೂರು ತಾಲ್ಲೂಕುಗಳ ಗ್ಯಾರೇಜು ಮಾಲೀಕರೂ ವರ್ತಕರೂ ತಮ್ಮ ಬೇಡಿಕೆಗಳನ್ನು ಒಟ್ಟುಗೂಡಿಸಿ ಮೂರು ತಿಂಗಳಿಗೊಮ್ಮೆ ಒಂದೇ ಆರ್ಡರು ನೀಡುವಂತಾಗಲಿ. ಯಾರ ಮಾಲು ಬಾಳಿತು, ಯಾರದು ಕೈಕೊಟ್ಟಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಮೊದಲ ಪುಟದಲ್ಲಿ ನನ್ನ ಆ ವೀಲ್ ಸಿಲಿಂಡರ್ ಕಿಟ್ಟಿನ ಪ್ರಕರಣವನ್ನು ನಾನೇ ಬರೆಯಲು ಸಿದ್ಧನಿದ್ದೇನೆ.