ತೋಳು ಮತ್ತು ಪದವಿ

ರಾಜಾಜಿನಗರ, ವಿಜಯನಗರಗಳ ಬಯಲುಗಳಲ್ಲಿ ಭಾನುವಾರ ಬೆಳಿಗ್ಗೆ ಚೆಂಡೆಸೆಯುವ ಹುಡುಗರಿಗೆ ಕೊರತೆಯಿಲ್ಲ. ಅವರಲ್ಲಿ ಒಬ್ಬಿಬ್ಬರು ಬೌಲಿಂಗನ್ನೇ ಜೀವನೋಪಾಯವಾಗಿ ಮಾಡಿಕೊಳ್ಳಲು ಆಸೆಪಟ್ಟರೆ ಆಶ್ಚರ್ಯವೇನು? ಆದರೆ ಆ ಮಾತೆತ್ತಿದೊಡನೆ ಎರಡು ಉಪದೇಶಗಳು ಸಿದ್ಧವಾಗಿರುತ್ತವೆ. “ಮೊದಲು ಪದವಿ, ಆಮೇಲೆ ಆಟ” ಎನ್ನುವರು ಹಿರಿಯರು. “ಓದಿದವರೇನು ಕಡಿದು ಕಟ್ಟೆ ಹಾಕಿದರು?” ಎನ್ನುವರು ಗೆಳೆಯರು. ಎರಡೂ ಅರ್ಧ ಸತ್ಯವೆಂದೇ ನನ್ನ ಅಭಿಪ್ರಾಯ.

ಹಿರಿಯರು ಎರಾಪಳ್ಳಿ ಪ್ರಸನ್ನರನ್ನು ಉದಾಹರಿಸಬಹುದು. 1962ರಲ್ಲಿ ಟೆಸ್ಟ್ ಆಡಿದ ಈ ತರುಣರು ಇಂಜಿನಿಯರಿಂಗ್ ಓದಿಗಾಗಿ ಹಿಂದೆ ಸರಿದು, 1967ರಲ್ಲಿ ಮತ್ತೆ ಟೆಸ್ಟ್ ಕಣಕ್ಕೆ ಬಂದರು; ಇಪ್ಪತ್ತನೆಯ ಟೆಸ್ಟಿನಲ್ಲಿಯೇ ನೂರು ವಿಕೆಟ್ ಮುಟ್ಟಿದರು. ನಿಜವಾಗಿಯೂ ಮೆಚ್ಚತಕ್ಕ ಸಂಗತಿ. ಆದರೆ ಇಪ್ಪತ್ತೊಂದರಿಂದ ಇಪ್ಪತ್ತಾರರವರೆಗಿನ ಆ ಐದು ವರ್ಷಗಳ ಲೆಕ್ಕವನ್ನು ಯಾರು ಬರೆದಿಡುವರು? ಸ್ಪಿನ್ ಬೌಲರು ಕಾದಾರು. ವೇಗದ ಬೌಲರಿಗೆ ಪ್ರಾಯವೇ ಬಂಡವಾಳ.

ಬಿ. ಎಸ್. ಚಂದ್ರಶೇಖರರ ಮಾತು ನೋಡಿ. ಬಾಲ್ಯದಲ್ಲಿ ಪೋಲಿಯೊ ತಗುಲಿ ಬಡವಾದ ಬಲಗೈಯಿಂದಲೇ ಬೌಲ್ ಮಾಡಿ, 1964ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಟೆಸ್ಟ್ ಆಟಗಾರರಾದರು. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತರು. ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ ಜಯ ದೊರೆಯಿತು. ಹದಿನೆಂಟರ ಆ ಹುಡುಗನಿಗೆ “ಪದವಿ ಮುಗಿಸಿ ಬಾ” ಎನ್ನಬಹುದಾಗಿತ್ತೆ?

ಹಾಗೆಂದು ಗೆಳೆಯರ ಮಾತು ಸರಿಯೆಂದಲ್ಲ. ದಕ್ಷಿಣ ಕೊರಿಯದಲ್ಲಿ ಬೇಸ್‌ಬಾಲ್ ವೃತ್ತಿಪರ ಲೀಗು 1982ರಲ್ಲಿ ಆರಂಭವಾಯಿತು. ಚೊಯ್ ದೊಂಗ್-ವನ್ ಎಂಬ ಎಸೆತಗಾರರು 1984ರ ಅಂತಿಮ ಸರಣಿಯಲ್ಲಿ ತಮ್ಮ ತಂಡದ ನಾಲ್ಕು ಗೆಲುವುಗಳನ್ನೂ ತಾವೊಬ್ಬರೇ ಗಳಿಸಿಕೊಟ್ಟರು. 1988ರಲ್ಲಿ ಆಟಗಾರರ ಸಂಘ ಕಟ್ಟಲು ಮುಂದಾದಾಗ ಅದೇ ತಂಡ ಅವರನ್ನು ಬೇರೆ ತಂಡಕ್ಕೆ ಸಾಗಹಾಕಿತು. 1990ಕ್ಕೆ ಆಟವೇ ಮುಗಿಯಿತು. ವೃತ್ತಿಪರ ಜೀವನ ಒಟ್ಟು ಎಂಟೇ ಋತುಗಳು! ಅಂಥ ವೀರನ ಪಾಡೇ ಹೀಗಿರುವಾಗ, ತೋಳೊಂದನ್ನೇ ನಂಬಿದ ಸಾಮಾನ್ಯನ ಗತಿಯೇನು? ಭುಜದ ನೋವು ಯಾರ ಅಪ್ಪಣೆಯನ್ನೂ ಕೇಳಿ ಬರುವುದಿಲ್ಲ.

ಎರಡನ್ನೂ ಕೂಡಿಸಲು ಸಾಧ್ಯವೆ? ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ; ಕೆಂಗೇರಿಯ ದಾರಿಯಲ್ಲಿರುವ ಆರ್. ವಿ. ಇಂಜಿನಿಯರಿಂಗ್ ಕಾಲೇಜಿನವರೆಗೆ ಹೋದರೆ ಸಾಕು. ಅನಿಲ್ ಕುಂಬ್ಳೆ ಅಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾಗಲೇ, 1990ರಲ್ಲಿ, ಮೊದಲ ಟೆಸ್ಟ್ ಆಡಿದರು. ಪದವಿಯೂ ಕೈಗೂಡಿತು, 2008ರಲ್ಲಿ ನಿವೃತ್ತರಾಗುವ ವೇಳೆಗೆ 619 ವಿಕೆಟ್ಟುಗಳೂ ಕೂಡಿದವು.

ಎಲ್ಲರೂ ಕುಂಬ್ಳೆಯಾಗಲಾರರು. ಆದ್ದರಿಂದಲೇ ವ್ಯವಸ್ಥೆ ಬೇಕು. ಪಂದ್ಯದ ದಿನವೇ ಕಿರುಪರೀಕ್ಷೆ ಬಿದ್ದರೆ ಇನ್ನೊಂದು ದಿನ ಅದನ್ನು ಬರೆಯಲು ಅವಕಾಶವಿರಲಿ. ಪ್ರತಿ ಆಟಗಾರನ ಓದಿನ ಹೊಣೆಯನ್ನು ಒಬ್ಬ ಅಧ್ಯಾಪಕರು ವಹಿಸಲಿ. ತಪ್ಪಿದ ಪಾಠದ ಟಿಪ್ಪಣಿ ಕೊಡುವುದು ಸಹಪಾಠಿಗಳಾದ ನಮ್ಮ ಧರ್ಮ. ಆಟಗಾರನೂ ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ತರಗತಿ ತಪ್ಪಿಸಕೂಡದು. ರಿಯಾಯಿತಿ ಆಟಕ್ಕೇ ಹೊರತು ಸೋಮಾರಿತನಕ್ಕಲ್ಲ.

ಕಪ್ಪು ಗೆದ್ದು ತಂದವನ ಭಾವಚಿತ್ರವನ್ನು ಕಾಲೇಜುಗಳು ಸಂಭ್ರಮದಿಂದ ಅಚ್ಚು ಹಾಕುತ್ತವೆ. ಅವನ ತೋಳಿನ ಕೀರ್ತಿಯಲ್ಲಿ ಪಾಲು ಬಯಸುವ ನಾವು, ಆ ತೋಳು ಸೋತ ದಿನ ಅವನ ಕೈಯಲ್ಲಿ ಏನಿರುವುದೆಂಬ ಚಿಂತೆಯಲ್ಲಿಯೂ ಪಾಲುಗಾರರಾಗಬೇಡವೆ?