ವಾರಂಟಿಯ ಕಾಗದ ಮತ್ತು ಘಟ್ಟದ ರಸ್ತೆ

ಪರಿಸರದ ಪತ್ರಿಕೆಯಲ್ಲಿ ಕಾರಿನ ವಾರಂಟಿಯ ಮಾತೇಕೆ ಎಂದು ಕೆಲವು ಓದುಗರು ಹುಬ್ಬೇರಿಸಬಹುದು. ನಮ್ಮೂರಿಗೆ ದಿನಕ್ಕೆ ಎರಡೇ ಬಸ್ಸು; ಮಳೆಗಾಲದಲ್ಲಿ ಅದನ್ನೂ ನೆಚ್ಚಿಕೊಳ್ಳುವಂತಿಲ್ಲ. ಆಸ್ಪತ್ರೆಗೆ, ಕಾಲೇಜಿಗೆ, ಅಡಿಕೆ ಮಂಡಿಗೆ ಹೋಗಿಬರಲೆಂದು ಎಷ್ಟೋ ಮನೆಗಳವರು ಸಾಲ ಮಾಡಿ ವಾಹನ ಕೊಂಡಿದ್ದಾರೆ. ಕೊಂಡದ್ದು ಬಹುಕಾಲ ಬಾಳಬೇಕು, ಕೆಟ್ಟರೆ ರಿಪೇರಿಯಾಗಬೇಕು. ಇದು ರೈತನ ಜೇಬಿನ ಪ್ರಶ್ನೆ. ಭೂಮಿಯಿಂದ ಅಗೆದು ತೆಗೆದ ತಾಮ್ರ, ಅಲ್ಯೂಮಿನಿಯಂ, ಕಬ್ಬಿಣಗಳ ಪ್ರಶ್ನೆಯೂ ಹೌದು.

ನನ್ನದೇ ಅನುಭವದಿಂದ ಆರಂಭಿಸುತ್ತೇನೆ. 2021ರಲ್ಲಿ ಕಾರು ಕೊಂಡಾಗ ಕಂಪನಿಯ ಎರಡು ವರ್ಷದ ವಾರಂಟಿಯ ಜೊತೆಗೆ, ಬೇರೆ ಹಣ ತೆತ್ತು ಇನ್ನೂ ಮೂರು ವರ್ಷದ ವಿಸ್ತರಿತ ವಾರಂಟಿಯನ್ನೂ ಪಡೆದಿದ್ದೆ. ‘ಐದು ವರ್ಷ ನಿಶ್ಚಿಂತೆಯಿಂದಿರಿ ಸಾರ್’ ಎಂದಿದ್ದರು ಮಾರಾಟದವರು. ಷರತ್ತುಗಳ ಪುಸ್ತಿಕೆಯನ್ನು ನಾನು ಅಂದು ಓದಲಿಲ್ಲ. ಬೀಜದ ಚೀಲದ ಚೀಟಿಯನ್ನು ಓದದೆ ಬಿತ್ತಬೇಡಿರೆಂದು ರೈತರಿಗೆ ವರ್ಷಗಟ್ಟಲೆ ಹೇಳಿದವನು ನಾನು!

2025ರ ಆರಿದ್ರಾ ಮಳೆಯ ಒಂದು ರಾತ್ರಿ ಘಾಟಿಯ ತಿರುವಿನಲ್ಲಿ ಬ್ಯಾಟರಿಯ ಕೆಂಪು ದೀಪ ಹೊತ್ತಿಕೊಂಡಿತು. ನೋಡನೋಡುತ್ತಿದ್ದಂತೆ ಹೆಡ್‌ಲೈಟು ಮಂಕಾಯಿತು, ವೈಪರ್ ನಿಧಾನವಾಯಿತು. ಎಂಜಿನ್ ಓಡುವಾಗ ವಿದ್ಯುತ್ ಉತ್ಪಾದಿಸಿ ಬ್ಯಾಟರಿಯನ್ನು ತುಂಬಿಸುವ ಆಲ್ಟರ್ನೇಟರ್, ನಮ್ಮ ಕಡೆಯ ಮಾತಿನಲ್ಲಿ ಡೈನಮೋ, ಕೈಕೊಟ್ಟಿತ್ತು. ಹಿಂದಿನ ಸೀಟಿನಲ್ಲಿ ವಯಸ್ಸಾದ ತಾಯಿಯಿದ್ದರು. ಹೇಗೋ ಮನೆ ಸೇರಿದೆವು. ಮರುದಿನ ಕಾರನ್ನು ಎಳೆಸಿಕೊಂಡು ಅರವತ್ತು ಕಿಲೋಮೀಟರ್ ದೂರದ ಅಧಿಕೃತ ಸರ್ವಿಸ್ ಸೆಂಟರಿಗೆ ಒಯ್ದೆ. ಹೊಸ ಡೈನಮೋ ಹಾಕಬೇಕು, ಆದರೆ ವಾರಂಟಿ ಅನ್ವಯಿಸುವುದಿಲ್ಲ ಎಂದರು. ಎರಡು ಕಾರಣ ಕೊಟ್ಟರು: ಹಿಂದಿನ ವರ್ಷದ ಒಂದು ಸರ್ವಿಸನ್ನು ಅವಧಿ ಮೀರಿ 23 ದಿನ ತಡವಾಗಿ ಮಾಡಿಸಿದ್ದು, ಮತ್ತು ಹೊರಗಿನ ಅಂಗಡಿಯಲ್ಲಿ ಮಂಜಿನ ದೀಪ ಹಾಕಿಸಿದ್ದು.

ಆ ಸರ್ವಿಸಿನ ಗಡುವು ಬಿದ್ದದ್ದು 2024ರ ಜುಲೈನಲ್ಲಿ. ಶಿರೂರು, ಶಿರಾಡಿಗಳಲ್ಲಿ ಗುಡ್ಡ ಕುಸಿದು ಘಟ್ಟದ ರಸ್ತೆಗಳೆಲ್ಲ ಭಯ ಹುಟ್ಟಿಸಿದ್ದ ತಿಂಗಳದು. ಮಂಜಿನ ದೀಪವಿಲ್ಲದೆ ಮಳೆಗಾಲದ ಘಾಟಿಯಲ್ಲಿ ರಾತ್ರಿ ವಾಹನ ಓಡಿಸುವವರು ನಮ್ಮಲ್ಲಿ ಎಷ್ಟು ಜನರಿದ್ದಾರೆ? ಬಯಲಿನ ನಗರವನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ಷರತ್ತುಗಳು ಮಲೆನಾಡಿನಲ್ಲಿ ಬದುಕುವುದನ್ನೇ ಅಪರಾಧವೆಂದು ಎಣಿಸುತ್ತವೆ.

ನಾನು ಜಗಳವಾಡಲಿಲ್ಲ, ನಾಲ್ಕು ಕೋರಿಕೆಗಳನ್ನು ಬರೆದು ಕೊಟ್ಟೆ. ನಿರಾಕರಣೆಯನ್ನು ಷರತ್ತಿನ ಸಂಖ್ಯೆಯೊಡನೆ ಲಿಖಿತವಾಗಿ ಕೊಡಿ. ಡೈನಮೋ ಬಿಚ್ಚಿ, ಕೆಟ್ಟದ್ದು ಯಾವ ಭಾಗವೆಂದು ತೋರಿಸಿ. ನೀವು ಹೇಳುವ ಕಾರಣದಿಂದಲೇ ಅದು ಕೆಟ್ಟಿತೆಂಬುದನ್ನು ವಿವರಿಸಿ. ವಿಷಯ ಇತ್ಯರ್ಥವಾಗುವವರೆಗೆ ಹಳೆಯ ಬಿಡಿಭಾಗವನ್ನು ಎಸೆಯಬೇಡಿ.

ಬಿಚ್ಚಿದಾಗ ಸುಟ್ಟಿದ್ದದ್ದು ಒಳಗಿನ ವೋಲ್ಟೇಜ್ ರೆಗ್ಯುಲೇಟರ್ ಮಾತ್ರ. ಮಂಜಿನ ದೀಪದ ಹೊರೆಯಿಂದ ಸುಟ್ಟಿತೆಂದರು. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ದೀಪಗಳೆರಡೂ ಸೇರಿ 110 ವ್ಯಾಟ್. 12 ವೋಲ್ಟಿನಲ್ಲಿ ಅದು ಸುಮಾರು 9 ಆಂಪಿಯರ್. ಡೈನಮೋದ ಮೈಮೇಲೆಯೇ ನಮೂದಾಗಿದ್ದ ಸಾಮರ್ಥ್ಯ 80 ಆಂಪಿಯರ್. ದೀಪಗಳಿಗೆ ಪ್ರತ್ಯೇಕ ರಿಲೇ, ಫ್ಯೂಸುಗಳಿದ್ದವು. ಈ ಲೆಕ್ಕಕ್ಕೆ ಅವರಿಂದ ಉತ್ತರ ಬರಲಿಲ್ಲ. ಕಂಪನಿಗೆ ಪತ್ರ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು, ಒಂದೂವರೆ ತಿಂಗಳ ಕಾಯುವಿಕೆ ಇಷ್ಟಾದ ಮೇಲೆ ಬಿಡಿಭಾಗದ ವೆಚ್ಚವನ್ನು ಕಂಪನಿ ಭರಿಸಿತು. ಕೂಲಿ ಮತ್ತು ಕಾರು ಎಳೆಸಿದ ಖರ್ಚು ನನ್ನ ಪಾಲಿಗೆ ಬಂದವು.

ಗೆದ್ದೆನೆಂದು ಹೇಳಿಕೊಳ್ಳಲು ಮನಸ್ಸು ಬರುವುದಿಲ್ಲ. ತಾಮ್ರದ ಸುರುಳಿ, ಅಲ್ಯೂಮಿನಿಯಂ ಕವಚ, ಬೇರಿಂಗು ಎಲ್ಲವೂ ಸುಸ್ಥಿತಿಯಲ್ಲಿದ್ದ ಡೈನಮೋ ಅಂಗೈಯಗಲದ ಒಂದು ಭಾಗಕ್ಕಾಗಿ ಗುಜರಿ ಸೇರಿತು. ನಮ್ಮ ಪೇಟೆಯ ಆಟೋ ಎಲೆಕ್ಟ್ರಿಷಿಯನ್ ರೆಗ್ಯುಲೇಟರನ್ನಷ್ಟೇ ಬದಲಿಸಿ ಅರ್ಧ ದಿನದಲ್ಲಿ ಕಾರನ್ನು ರಸ್ತೆಗಿಳಿಸುತ್ತಿದ್ದರು. ಆದರೆ ಅವರು ಮುಟ್ಟಿದರೆ ವಾರಂಟಿ ಹೋಗುತ್ತದೆಂಬ ಭಯ ನನ್ನ ಕೈ ಕಟ್ಟಿತ್ತು. ರಿಪೇರಿಯ ಭರವಸೆಯೆಂದು ಮಾರಿದ ಕಾಗದವೇ ನಿಜವಾದ ರಿಪೇರಿಗೆ ಅಡ್ಡ ನಿಂತಿತು. ಪರಿಸರಕ್ಕೂ ಹಳ್ಳಿಯ ಕುಶಲಕರ್ಮಿಗೂ ಇದರಿಂದ ಆಗುವ ನಷ್ಟವೇ ನನ್ನ ಮುಖ್ಯ ತಕರಾರು.

ಈ ಭಯ ಅಷ್ಟೇನೂ ಸಾಧುವಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿ, ಬಿಡಿಭಾಗಗಳೂ ರಿಪೇರಿಯ ಮಾಹಿತಿಯೂ ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯಬೇಕೆಂದು ಆದೇಶಿಸಿತು. ಹೊರಗಿನವರಲ್ಲಿ ಕೆಲಸ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದೆನ್ನುವ ಸಾರಾಸಗಟು ಷರತ್ತು ಸಲ್ಲದು. ಹೊರಗಿನ ದೋಷಪೂರಿತ ಕೆಲಸದಿಂದ ಆದ ಹಾನಿಯಷ್ಟಕ್ಕೆ ಮಾತ್ರ ಅದನ್ನು ನಿರಾಕರಿಸಬಹುದು ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿ ಹೋದವು, ವ್ಯಾಜ್ಯ ಬೆಳೆಯಿತು. ಆದರೂ ಆ ತತ್ತ್ವ ನ್ಯಾಯವಾದದ್ದು: ಕಾರಣ ಹೇಳುವವರೇ ಅದನ್ನು ಸಾಬೀತುಪಡಿಸಬೇಕು.

ಕೃಷಿಕರಿಗೆ ಈ ನ್ಯಾಯ ಹೊಸತಲ್ಲ. ಕಳಪೆ ಬೀಜದ ಮೊಕದ್ದಮೆಯೊಂದರಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು, ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ತೀರ್ಪಿತ್ತಿತು. ಪರೀಕ್ಷೆಗೆ ಬೀಜ ಉಳಿಸಿಟ್ಟಿಲ್ಲವೆಂಬ ಆಕ್ಷೇಪವನ್ನು ನ್ಯಾಯಾಲಯ ಒಪ್ಪಲಿಲ್ಲ. ಕೊಂಡ ಬೀಜವನ್ನೆಲ್ಲ ಬಿತ್ತುವ ರೈತ ಮಾದರಿ ಕಾದಿರಿಸುತ್ತಾನೆಂದು ನಿರೀಕ್ಷಿಸುವುದು ಸರಿಯಲ್ಲವೆಂದಿತು. ಕಾರಿನ ತಾಂತ್ರಿಕ ಮಾಹಿತಿಯೆಲ್ಲ ಕಂಪನಿಯ ಕೈಯಲ್ಲಿರುವಾಗ, ಪುರಾವೆಯ ಭಾರವನ್ನು ಗ್ರಾಹಕನ ತಲೆಗೆ ಕಟ್ಟುವುದು ಹೇಗೆ ಸರಿ?

ನಮ್ಮ ಕಡೆಯ ತಪ್ಪುಗಳನ್ನೂ ಒಪ್ಪಿಕೊಳ್ಳಬೇಕು. ವಿಸ್ತರಿತ ವಾರಂಟಿ ವಿಮೆಯಲ್ಲ. ಸವೆಯುವ ಭಾಗಗಳಾದ ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ವೈಪರ್ ಬ್ಲೇಡುಗಳು ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ. ತುಂಬಿ ಹರಿಯುವ ಹಳ್ಳಕ್ಕೆ ಕಾರಿಳಿಸಿ ಎಂಜಿನ್ನಿಗೆ ನೀರು ನುಗ್ಗಿಸಿಕೊಂಡರೆ ಕಂಪನಿಯನ್ನು ದೂರುವಂತಿಲ್ಲ. ಡಿಕ್ಕಿಯಲ್ಲಿ ಮೈಲುತುತ್ತ ಚೆಲ್ಲಿ ತಗಡು ತಿಂದುಹೋದರೆ ಅದು ನಮ್ಮದೇ ಅಜಾಗ್ರತೆ. ಬ್ರೇಕು, ಸ್ಟಿಯರಿಂಗ್, ಏರ್‌ಬ್ಯಾಗುಗಳ ವಿಷಯದಲ್ಲಿ ಕಂಪನಿಯ ಬಿಗುವಿಗೆ ಅರ್ಥವೂ ಇದೆ.

ಆದ್ದರಿಂದ ಹಣ ಕೊಡುವ ಮೊದಲು ಪುಸ್ತಿಕೆಯನ್ನು ಕೇಳಿ ಪಡೆದು ಓದಿರಿ. ವಾರಂಟಿ ಕೊಡುವುದು ತಯಾರಕರೋ, ಡೀಲರೋ, ಮೂರನೆಯವರೋ ತಿಳಿದುಕೊಳ್ಳಿ. ಸರ್ವಿಸಿನ ಪ್ರತಿ ಬಿಲ್ಲನ್ನೂ ಕಾಪಾಡಿ. ಬಿಲ್ಲು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ರಸ್ತೆ ಮುಚ್ಚಿ ಸರ್ವಿಸ್ ತಡವಾಗುವಂತಿದ್ದರೆ ಗಡುವಿಗೆ ಮುನ್ನವೇ ಬರೆದು ತಿಳಿಸಿ. ನಾನು ಬರೀ ಫೋನಿನಲ್ಲಿ ಹೇಳಿ ಕೆಟ್ಟೆ. ಒಪ್ಪಂದವಾಗದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲುತ್ತದೆ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ, ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ.

ಇಷ್ಟು ಸಾಲದು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ‘ರಿಪೇರಿಯ ಹಕ್ಕಿ’ಗಾಗಿ ಸಮಿತಿ ರಚಿಸಿ, ಡಿಸೆಂಬರ್‌ನಲ್ಲಿ ಒಂದು ಜಾಲತಾಣವನ್ನೂ ತೆರೆಯಿತು. ಅದು ಆಯ್ದ ನಾಲ್ಕು ಕ್ಷೇತ್ರಗಳಲ್ಲಿ ವಾಹನಗಳೂ ಇವೆ, ಕೃಷಿ ಯಂತ್ರಗಳೂ ಇವೆ. ಇಂದು ಕಾರಿಗೆ ಬಂದದ್ದು ನಾಳೆ ಕಳೆ ಕೊಚ್ಚುವ ಯಂತ್ರಕ್ಕೆ, ಔಷಧಿ ಹೊಡೆಯುವ ಪಂಪಿಗೆ ಬರುತ್ತದೆ. ಜಾಲತಾಣದಿಂದ ಮುಂದುವರಿದು, ಲಿಖಿತ ಕಾರಣವಿಲ್ಲದ ನಿರಾಕರಣೆಗೆ ತಡೆ, ರಸ್ತೆ ಮುಚ್ಚಿದ ದಿನಗಳಿಗೆ ವಿನಾಯಿತಿ, ಬಿಡಿಭಾಗದ ಒಳಭಾಗಗಳೂ ಬಿಡಿಯಾಗಿ ಸಿಗುವ ವ್ಯವಸ್ಥೆ ಕಡ್ಡಾಯವಾಗಬೇಕು. ಮಲೆನಾಡಿನ ಸಂಘಟನೆಗಳು ಈ ಬೇಡಿಕೆಯನ್ನು ಎತ್ತಿಕೊಳ್ಳಬೇಕೆಂಬುದು ನನ್ನ ವಿನಂತಿ.

ಕತ್ತಿಯ ಹಿಡಿ ಮುರಿದರೆ ನಮ್ಮ ಹಿರಿಯರು ಹಿಡಿಯನ್ನಷ್ಟೇ ಬದಲಿಸುತ್ತಿದ್ದರು, ಕತ್ತಿಯನ್ನು ಹೊಳೆಗೆಸೆಯುತ್ತಿರಲಿಲ್ಲ. ಅಷ್ಟು ವಿವೇಕವನ್ನು ಕಂಪನಿಗಳಿಂದಲೂ ಕೇಳುವ ಹಕ್ಕು ನಮಗಿದೆ.